ಪದನಾಮ ಒಂದು, ಅರ್ಥ ಹಲವು: ದೇಶ ದೇಶಗಳ ಅಧ್ಯಾಪಕ ಹುದ್ದೆಗಳು

ಕೋಲಾರ ಜಿಲ್ಲೆಯ ಹೆಸರನ್ನು ಲೋಕಕ್ಕೆ ಪರಿಚಯಿಸಿದುದು ಚಿನ್ನ. ಆದರೆ ವಿಜ್ಞಾನದ ಚರಿತ್ರೆಯಲ್ಲಿ ಕೋಲಾರದ ಗಣಿಗೆ ಇನ್ನೊಂದು ಕಾರಣದಿಂದಲೂ ಸ್ಥಾನವುಂಟು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯೊಳಗೆ, ನೆಲಮಟ್ಟದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣಗಳ ಸುಳಿವು ವಿಜ್ಞಾನಿಗಳಿಗೆ ದೊರೆಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ, ಈ ಮೂರು ಸಂಸ್ಥೆಗಳ ವಿಜ್ಞಾನಿಗಳು ಕೂಡಿ ನಡೆಸಿದ ಪ್ರಯೋಗವದು. ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್, ಎಂ. ಜಿ. ಕೆ. ಮೆನನ್, ಒಸಾಕಾದ ಸಬುರೋ ಮಿಯಾಕೆ, ಡರ್ಹಮಿನ ಆರ್ನಲ್ಡ್ ವುಲ್ಫೆಂಡೇಲ್ ಮೊದಲಾದವರು ಆ ತಂಡದಲ್ಲಿದ್ದರು. ಗಣಿಗಾರಿಕೆ 2001ರಲ್ಲಿ ನಿಂತುಹೋಯಿತು. ಆ ಪ್ರಯೋಗದ ಕೀರ್ತಿ ಉಳಿಯಿತು.

ಒಂದೇ ಸುರಂಗದಲ್ಲಿ ಒಂದೇ ಕೆಲಸಕ್ಕೆ ಕೈಹಾಕಿದ್ದ ಈ ವಿದ್ವಾಂಸರು ತಮ್ಮ ತಮ್ಮ ನಾಡುಗಳಲ್ಲಿ ಬೇರೆ ಬೇರೆ ಪದನಾಮಗಳನ್ನು ಹೊಂದಿದ್ದರು. ಆ ಪದನಾಮಗಳಲ್ಲಿ ಕೆಲವು ಮೂರು ದೇಶಗಳಲ್ಲಿಯೂ ಒಂದೇ ಬಗೆಯಾಗಿ ಕೇಳಿಸುತ್ತಿದ್ದವು. ಆದರೆ ಅವುಗಳ ಸ್ಥಾನ ಒಂದೇ ಆಗಿರಲಿಲ್ಲ. ಅಧ್ಯಾಪಕನ ಹುದ್ದೆಯ ಹೆಸರು ಏಣಿಯ ಒಂದು ಮೆಟ್ಟಿಲಿನ ಹೆಸರಿದ್ದಂತೆ. ಏಣಿ ಯಾವುದೆಂದು ತಿಳಿಯದೆ ಮೆಟ್ಟಿಲಿನ ಎತ್ತರವನ್ನು ಹೇಳಲಾಗದು. ಉನ್ನತ ವ್ಯಾಸಂಗವನ್ನು ಬಯಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕಾದ ಸಂಗತಿಯಿದು.

ರೀಡರ್ ಎಂಬ ಪದದ ಮೂರು ಸ್ಥಾನಗಳು

‘ರೀಡರ್’ ಎಂಬ ಪದವನ್ನು ಮೊದಲು ನೋಡಬಹುದು. ಕನ್ನಡದಲ್ಲಿ ಇದನ್ನು ಪ್ರವಾಚಕ ಎಂದು ಕರೆದುದುಂಟು. ಇಂಗ್ಲೆಂಡಿನ ಹಳೆಯ ಕ್ರಮದಲ್ಲಿ ಲೆಕ್ಚರರ್, ಸೀನಿಯರ್ ಲೆಕ್ಚರರ್, ರೀಡರ್, ಪ್ರೊಫೆಸರ್ ಎಂಬುದು ಮೆಟ್ಟಿಲುಗಳ ಅನುಕ್ರಮ. ರೀಡರ್ ಎಂದರೆ ಸಂಶೋಧನೆಯಲ್ಲಿ ಹೆಸರು ಗಳಿಸಿ, ಪ್ರೊಫೆಸರ್ ಪೀಠಕ್ಕೆ ಒಂದೇ ಮೆಟ್ಟಿಲು ಕೆಳಗಿರುವ ವಿದ್ವಾಂಸ. ವುಲ್ಫೆಂಡೇಲ್ ಅವರು ಡರ್ಹಮಿನಲ್ಲಿ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿ, ಕೋಲಾರದ ಪ್ರಯೋಗ ಫಲಿಸಿದ 1965ರಲ್ಲಿಯೇ ಪ್ರೊಫೆಸರ್ ಆದರು.

ಟಾಟಾ ಸಂಸ್ಥೆಯ ಏಣಿ ಬೇರೆಯದು. ಅಲ್ಲಿ ರೀಡರ್ ಹುದ್ದೆಯ ಮೇಲೆ ಅಸೋಸಿಯೇಟ್ ಪ್ರೊಫೆಸರ್ ಎಂಬ ಮತ್ತೊಂದು ಮೆಟ್ಟಿಲಿದ್ದು, ಪ್ರೊಫೆಸರ್ ಸ್ಥಾನವು ಅದಕ್ಕೂ ಮೇಲಿನದು. ಮೆನನ್ ಅವರು 1955ರಲ್ಲಿ ರೀಡರ್ ಆಗಿ ಆ ಸಂಸ್ಥೆಗೆ ಸೇರಿ, ಬಳಿಕ ಅಸೋಸಿಯೇಟ್ ಪ್ರೊಫೆಸರ್ ಆಗಿ, ಅನಂತರ ಪ್ರೊಫೆಸರ್ ಆಗಿ, 1966ರಲ್ಲಿ ಸಂಸ್ಥೆಯ ನಿರ್ದೇಶಕರಾದರು. ಹೀಗೆ ಡರ್ಹಮಿನ ರೀಡರ್ ಪ್ರೊಫೆಸರ್ ಸ್ಥಾನಕ್ಕೆ ಒಂದು ಮೆಟ್ಟಿಲು ದೂರದಲ್ಲಿದ್ದರೆ, ಮುಂಬಯಿಯ ರೀಡರ್ ಎರಡು ಮೆಟ್ಟಿಲು ದೂರದಲ್ಲಿದ್ದರು.

ಮೂರನೆಯ ಸ್ಥಾನವು ಭಾರತದ ವಿಶ್ವವಿದ್ಯಾಲಯಗಳಲ್ಲಿ ಕಾಣಬರುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ಹಿಂದಿನ ಕ್ರಮದಲ್ಲಿ ಲೆಕ್ಚರರ್, ರೀಡರ್, ಪ್ರೊಫೆಸರ್ ಎಂಬ ಮೂರೇ ಮುಖ್ಯ ಮೆಟ್ಟಿಲುಗಳಿದ್ದವು. ಇಲ್ಲಿ ರೀಡರ್ ಎಂಬುದು ಮಧ್ಯದ ಹುದ್ದೆ. 2010ರ ನಿಯಮಾವಳಿಯು ಈ ಹೆಸರನ್ನು ಕೈಬಿಟ್ಟು ಅಸಿಸ್ಟೆಂಟ್ ಪ್ರೊಫೆಸರ್, ಅಸೋಸಿಯೇಟ್ ಪ್ರೊಫೆಸರ್, ಪ್ರೊಫೆಸರ್ ಎಂಬ ಹೆಸರುಗಳನ್ನು ವಿಧಿಸಿತು. 2018ರ ನಿಯಮಾವಳಿಯು ಸೀನಿಯರ್ ಪ್ರೊಫೆಸರ್ ಎಂಬ ಇನ್ನೊಂದನ್ನು ಸೇರಿಸಿತು. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯವೂ 2021ರಲ್ಲಿ ಲೆಕ್ಚರರ್, ರೀಡರ್ ಎಂಬ ತನ್ನ ಪುರಾತನ ಹೆಸರುಗಳನ್ನು ಬಿಟ್ಟು ಅಮೆರಿಕದ ಮಾದರಿಯ ಹೆಸರುಗಳನ್ನು ತಂದಿತು. ದೇಶದಿಂದ ದೇಶಕ್ಕೆ ಬದಲಾಗುವ ಅರ್ಥವು ಕಾಲದಿಂದ ಕಾಲಕ್ಕೂ ಬದಲಾಗುತ್ತದೆಂಬುದು ಇದರಿಂದ ವಿದಿತವಾಗುತ್ತದೆ.

ಪೀಠ ಮತ್ತು ಬಡ್ತಿ

ಈ ಭೇದಗಳಿಗೆ ಮೂಲವೆಲ್ಲಿ? ಪ್ರೊಫೆಸರ್ ಎಂಬುದು ಒಂದು ಪೀಠವೋ ಅಥವಾ ಬಡ್ತಿಯಿಂದ ಬರುವ ಒಂದು ದರ್ಜೆಯೋ ಎಂಬ ಪ್ರಶ್ನೆಯಲ್ಲಿ ಇದಕ್ಕೆ ಉತ್ತರವಿದೆ.

ಯೂರೋಪಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಪ್ರೊಫೆಸರ್ ಎಂಬುದು ಪೀಠದ ಹೆಸರು. ಒಂದು ವಿಷಯಕ್ಕೆ ಒಂದು ಪೀಠ. ಅದನ್ನು ಅಲಂಕರಿಸುವವನೇ ಆ ವಿಭಾಗಕ್ಕೆ ಯಜಮಾನ. ಆ ಪೀಠ ತೆರವಾಗುವವರೆಗೆ ಉಳಿದವರು ಎಷ್ಟೇ ವಿದ್ವಾಂಸರಾಗಿದ್ದರೂ ಕೆಳಗಿನ ಹೆಸರುಗಳಲ್ಲಿಯೇ ಇರಬೇಕು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1918ರಿಂದ 1921ರವರೆಗೆ ಪ್ರೊಫೆಸರ್ ಆಗಿದ್ದ ಡಾ. ಎಸ್. ರಾಧಾಕೃಷ್ಣನ್ ಅವರು 1936ರಲ್ಲಿ ಆಕ್ಸ್‌ಫರ್ಡಿನಲ್ಲಿ ವಹಿಸಿಕೊಂಡದ್ದು ಸ್ಪಾಲ್ಡಿಂಗ್ ಎಂಬ ದಾನಿಯ ಹೆಸರಿನ ಅಂಥದೊಂದು ಪೀಠವನ್ನು.

ಜರ್ಮನ್ ಭಾಷೆಯ ನಾಡುಗಳಲ್ಲಿ ಈ ಕ್ರಮ ಇನ್ನೂ ಕಟ್ಟುನಿಟ್ಟಾಗಿತ್ತು. ಅಲ್ಲಿ ‘ಆರ್ಡಿನರಿ’ ಅಂದರೆ ಸಾಮಾನ್ಯ ಪ್ರೊಫೆಸರ್, ‘ಎಕ್ಸ್‌ಟ್ರಾಆರ್ಡಿನರಿ’ ಅಂದರೆ ಅಸಾಮಾನ್ಯ ಪ್ರೊಫೆಸರ್ ಎಂಬ ಎರಡು ಬಗೆಗಳಿದ್ದವು. ನಿಘಂಟನ್ನು ನಂಬಿದವನು ಅಸಾಮಾನ್ಯನೇ ಹಿರಿಯನೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಪೀಠವುಳ್ಳವನು ಸಾಮಾನ್ಯ ಪ್ರೊಫೆಸರ್. ಪೀಠವಿಲ್ಲದೆ ಹೊರಗುಳಿದವನು ಅಸಾಮಾನ್ಯ ಪ್ರೊಫೆಸರ್. ಆಲ್ಬರ್ಟ್ ಐನ್‌ಸ್ಟೈನ್ 1908ರಲ್ಲಿ ಬರ್ನ್ ನಗರದಲ್ಲಿ ಪ್ರಿವಾಟ್‌ಡೋಜೆಂಟ್ ಆದರು. ಪಾಠ ಹೇಳಲು ಅಧಿಕಾರವುಂಟು, ನಿಯತವಾದ ಸಂಬಳವಿಲ್ಲ ಎಂಬುದು ಆ ಹೆಸರಿನ ಅರ್ಥ. 1909ರಲ್ಲಿ ಜ್ಯೂರಿಕ್‌ನಲ್ಲಿ ಅಸಾಮಾನ್ಯ ಪ್ರೊಫೆಸರ್ ಆದರು. ಅಲ್ಲಿಂದ ಮೇಲೇರಿ ‘ಸಾಮಾನ್ಯ’ ಪ್ರೊಫೆಸರ್ ಆದುದು 1911ರಲ್ಲಿ, ಪ್ರಾಗ್ ನಗರದಲ್ಲಿ.

ಜಪಾನಿನ ವಿಶ್ವವಿದ್ಯಾಲಯಗಳು ಜರ್ಮನಿಯ ಮಾದರಿಯಿಂದ ಬಹಳ ಕಲಿತವು. ಒಬ್ಬ ಪ್ರೊಫೆಸರ್, ಆತನ ಕೈಕೆಳಗೆ ಒಬ್ಬ ಉಪಪ್ರೊಫೆಸರ್, ಅವರಿಗೆ ಕೆಲವು ಸಹಾಯಕರು, ಹೀಗೆ ಒಂದೊಂದು ಪೀಠವೂ ಒಂದು ಅವಿಭಕ್ತ ಕುಟುಂಬದಂತೆ ನಡೆಯುತ್ತಿತ್ತು. ಎರಡನೆಯ ಸ್ಥಾನದವರನ್ನು ‘ಜೋಕ್ಯೋಜು’, ಎಂದರೆ ಪ್ರೊಫೆಸರಿಗೆ ನೆರವಾಗುವವನು, ಎಂದು ಕರೆಯುತ್ತಿದ್ದರು. 2007ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕಾನೂನಿನ ತಿದ್ದುಪಡಿಯು ಅದನ್ನು ‘ಜುನ್‌ಕ್ಯೋಜು’ ಎಂದು ಬದಲಿಸಿತು. ಅವರು ಯಾರ ಸಹಾಯಕರೂ ಅಲ್ಲ, ಸ್ವತಂತ್ರ ವಿದ್ವಾಂಸರು ಎಂಬುದನ್ನು ಸ್ಪಷ್ಟಪಡಿಸುವುದು ಆ ಬದಲಾವಣೆಯ ಉದ್ದೇಶವಾಗಿತ್ತು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರೊಫೆಸರ್ ಎಂಬುದು ದರ್ಜೆಯ ಹೆಸರು. ಒಂದು ವಿಭಾಗದಲ್ಲಿ ಇಪ್ಪತ್ತು ಮಂದಿ ಅಧ್ಯಾಪಕರಿದ್ದರೆ ಇಪ್ಪತ್ತು ಮಂದಿಯೂ ಯೋಗ್ಯತೆಯಿಂದ ಪ್ರೊಫೆಸರ್ ಆಗಬಹುದು. ಅಸಿಸ್ಟೆಂಟ್, ಅಸೋಸಿಯೇಟ್, ಪೂರ್ಣ ಎಂಬ ಮೂರು ದರ್ಜೆಯವರನ್ನೂ ವಿದ್ಯಾರ್ಥಿಗಳು ಪ್ರೊಫೆಸರ್ ಎಂದೇ ಸಂಬೋಧಿಸುತ್ತಾರೆ. ಹಳೆಯ ಕ್ರಮದ ಇಂಗ್ಲೆಂಡಿನಲ್ಲಿ ಪೀಠವಿಲ್ಲದವನನ್ನು ಹಾಗೆ ಕರೆದರೆ ಆತನೇ ಸಂಕೋಚದಿಂದ ತಿದ್ದುತ್ತಿದ್ದನು. ಫ್ರಾನ್ಸ್ ದೇಶದ ರೀತಿಯೇ ಬೇರೆ. ಅಲ್ಲಿ ಪ್ರೌಢಶಾಲೆಯ ಅಧ್ಯಾಪಕನೂ ‘ಪ್ರೊಫೆಸರ್’. 1990ರಿಂದ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೂ ಆ ಹೆಸರೇ ಸಂದಿದೆ. ಕನ್ನಡ ನಾಡಿನ ಹಳ್ಳಿಗಳಲ್ಲಿ ಅಕ್ಷರ ಕಲಿಸಿದವರನ್ನೂ ಕಾಲೇಜಿನಲ್ಲಿ ಪಾಠ ಹೇಳಿದವರನ್ನೂ ‘ಮೇಷ್ಟ್ರು’ ಎಂಬ ಒಂದೇ ಮಾತಿನಿಂದ ಗೌರವಿಸುವವರಿಗೆ ಇದು ಅಚ್ಚರಿಯ ಸಂಗತಿಯೆನಿಸದು.

ಸಹಾಯಕನೆಂದರೆ ಯಾರ ಸಹಾಯಕ?

ಅಸಿಸ್ಟೆಂಟ್ ಪ್ರೊಫೆಸರ್ ಎಂಬುದನ್ನು ಕನ್ನಡದಲ್ಲಿ ಸಹಾಯಕ ಪ್ರಾಧ್ಯಾಪಕ ಎಂದು ಭಾಷಾಂತರಿಸಲಾಗಿದೆ. ಮಾತು ಸರಿಯಾದುದೇ, ಆದರೆ ಅದು ತಪ್ಪು ಅಭಿಪ್ರಾಯಕ್ಕೆ ಎಡೆಗೊಡುತ್ತದೆ. ಅಮೆರಿಕದ ಅಸಿಸ್ಟೆಂಟ್ ಪ್ರೊಫೆಸರ್ ಮತ್ತೊಬ್ಬ ಪ್ರೊಫೆಸರಿಗೆ ಸಹಾಯಕನಲ್ಲ. ಆತನಿಗೆ ತನ್ನದೇ ಪ್ರಯೋಗಶಾಲೆ, ತನ್ನದೇ ವಿದ್ಯಾರ್ಥಿಗಳು ಇರುತ್ತಾರೆ. ಡಾಕ್ಟರೇಟ್ ಪದವಿಗೆ ಮಾರ್ಗದರ್ಶನ ಮಾಡುವ ಅಧಿಕಾರವೂ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿರುವುದು ಹುದ್ದೆಯ ಭದ್ರತೆ ಮಾತ್ರ. ಅಮೆರಿಕದ ಅಧ್ಯಾಪಕರ ಸಂಘ ಮತ್ತು ಕಾಲೇಜುಗಳ ಸಂಘ 1940ರಲ್ಲಿ ಕೂಡಿ ಹೊರಡಿಸಿದ ಹೇಳಿಕೆಯ ಪ್ರಕಾರ ಪರೀಕ್ಷಾವಧಿ ಏಳು ವರ್ಷಗಳನ್ನು ಮೀರಕೂಡದು. ಆ ಅವಧಿಯಲ್ಲಿ ಯೋಗ್ಯತೆಯನ್ನು ಸ್ಥಾಪಿಸಿದವನಿಗೆ ‘ಟೆನ್ಯೂರ್’ ಎಂಬ ಶಾಶ್ವತ ಸ್ಥಾನ ಲಭಿಸುತ್ತದೆ. ಉಳಿದವರು ಬೇರೆಡೆಗೆ ಹೋಗಬೇಕಾಗುತ್ತದೆ.

ಭಾರತದಲ್ಲಿ ಇದೇ ಹೆಸರಿನ ಹುದ್ದೆಗೆ ಬರುವವರು ಪರೀಕ್ಷಾರ್ಥ ಅವಧಿಯನ್ನು ಮುಗಿಸಿದರೆ ನಿವೃತ್ತಿಯವರೆಗೆ ಸೇವೆಯಲ್ಲಿರಬಹುದು. ಆದರೆ ಡಾಕ್ಟರೇಟ್ ವಿದ್ಯಾರ್ಥಿಗೆ ಮಾರ್ಗದರ್ಶಕರಾಗಲು ವಿಶ್ವವಿದ್ಯಾಲಯದ ಪ್ರತ್ಯೇಕ ಮಾನ್ಯತೆ ಬೇಕು. ಒಂದು ದೇಶದಲ್ಲಿ ಅಧಿಕಾರ ಮೊದಲು, ಭದ್ರತೆ ಅನಂತರ. ಇನ್ನೊಂದರಲ್ಲಿ ಭದ್ರತೆ ಮೊದಲು, ಅಧಿಕಾರ ಅನಂತರ.

ಕರ್ನಾಟಕದೊಳಗೂ ಈ ಹೆಸರು ಒಂದೇ ಕಡೆ ನಿಂತಿಲ್ಲ. ಕುವೆಂಪು ಅವರು 1929ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ಅಧ್ಯಾಪಕರಾಗಿ ಸೇರಿ, 1936ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಹೋದರು. 1946ರಲ್ಲಿ ಪ್ರೊಫೆಸರ್ ಆಗಿ ಮೈಸೂರಿಗೆ ಮರಳಿದರು. ಅಂದು ಅದು ಲೆಕ್ಚರರ್ ಹುದ್ದೆಗಿಂತ ಮೇಲಿನ ಮೆಟ್ಟಿಲು. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಶತಮಾನದ ಮೊದಲ ವರ್ಷಗಳವರೆಗೂ ಲೆಕ್ಚರರ್, ಅಸಿಸ್ಟೆಂಟ್ ಪ್ರೊಫೆಸರ್, ಪ್ರೊಫೆಸರ್ ಎಂಬ ಕ್ರಮವಿತ್ತು. ಅಲ್ಲಿಯ ಅಸಿಸ್ಟೆಂಟ್ ಪ್ರೊಫೆಸರ್ ಕಲಾ ಮತ್ತು ವಿಜ್ಞಾನ ವಿಭಾಗಗಳ ರೀಡರಿಗೆ ಸಮಾನ. ಆರನೆಯ ವೇತನ ಪರಿಷ್ಕರಣೆಯ ಬಳಿಕ ಅದೇ ಹೆಸರು ಎಲ್ಲ ಕಾಲೇಜುಗಳಲ್ಲಿಯೂ ಮೊದಲ ಮೆಟ್ಟಿಲಿಗೆ ಇಳಿಯಿತು. ಆದಕಾರಣ 1995ರ ಆದೇಶಪತ್ರವನ್ನೂ 2015ರ ಆದೇಶಪತ್ರವನ್ನೂ ಅಕ್ಕಪಕ್ಕ ಇಟ್ಟು ಓದುವವರು ವರ್ಷವನ್ನು ಗಮನಿಸದಿದ್ದರೆ ಹಿರಿಯರನ್ನು ಕಿರಿಯರೆಂದು ಎಣಿಸುವ ಅನ್ಯಾಯ ಘಟಿಸೀತು.

ಉಪನ್ಯಾಸಕ ಪದದ ವಿಷಯವೂ ಇಂಥದೇ. ಕರ್ನಾಟಕದ ಪದವಿಪೂರ್ವ ಕಾಲೇಜಿನಲ್ಲಿ, ಎಂದರೆ ಹನ್ನೊಂದು ಹನ್ನೆರಡನೆಯ ತರಗತಿಗಳಿಗೆ ಪಾಠ ಹೇಳುವವರು ಲೆಕ್ಚರರ್. ಇಂಗ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಲೆಕ್ಚರರ್ ಎಂಬುದು ಬೋಧನೆ, ಸಂಶೋಧನೆ ಎರಡನ್ನೂ ನಡೆಸುವ ನಿಯತ ಹುದ್ದೆ. ಅಮೆರಿಕದಲ್ಲಿ ಅದೇ ಹೆಸರು ಬಹುಮಟ್ಟಿಗೆ ಬೋಧನೆಗಷ್ಟೇ ಒಪ್ಪಂದದ ಮೇಲೆ ನೇಮಕಗೊಂಡವರದು. ‘ಅಡ್ಜಂಕ್ಟ್ ಪ್ರೊಫೆಸರ್’ ಎಂಬ ಹೆಸರು ಭಾರತದಲ್ಲಿ ಹೊರಗಿನ ಗಣ್ಯ ತಜ್ಞರನ್ನು ಆಹ್ವಾನಿಸಿ ಕೊಡುವ ಗೌರವವಾದರೆ, ಅಮೆರಿಕದಲ್ಲಿ ಅನೇಕ ವೇಳೆ ಪಾಠಕ್ಕೆ ಇಷ್ಟೆಂದು ಸಂಭಾವನೆ ಪಡೆಯುವ ತಾತ್ಕಾಲಿಕ ಅಧ್ಯಾಪಕನ ಹೆಸರು.

ಆಡಳಿತದ ಹೆಸರುಗಳು

ಬೋಧಕರ ಹೆಸರುಗಳಂತೆ ಆಡಳಿತಗಾರರ ಹೆಸರುಗಳೂ ವಿದ್ಯಾರ್ಥಿಯ ದಾರಿ ತಪ್ಪಿಸಬಲ್ಲವು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರ ಜೀವನ ಇದಕ್ಕೆ ಉತ್ತಮ ನಿದರ್ಶನ. ಗೌರಿಬಿದನೂರು ಅಂದು ಕೋಲಾರ ಜಿಲ್ಲೆಯಲ್ಲಿದ್ದಿತು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಅವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆದರು. ವೈಸ್ ಎಂಬುದಕ್ಕೆ ಉಪ ಎಂಬ ಅರ್ಥವಿದ್ದರೂ ವಿಶ್ವವಿದ್ಯಾಲಯವನ್ನು ನಡೆಸುವವರು ಅವರೇ. ಚಾನ್ಸಲರ್ ಸ್ಥಾನವು ರಾಜ್ಯದ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ರಾಜ್ಯಪಾಲರದು. ಕನ್ನಡದಲ್ಲಿ ಹಿಂದೆ ವೈಸ್ ಚಾನ್ಸಲರನ್ನು ಉಪಕುಲಪತಿ ಎನ್ನುತ್ತಿದ್ದು, ಅನಂತರ ಕುಲಪತಿ ಎಂದು ಕರೆದು, ಚಾನ್ಸಲರಿಗೆ ಕುಲಾಧಿಪತಿ ಎಂಬ ಹೆಸರನ್ನು ಕೊಟ್ಟುದು ಈ ಗೊಂದಲದ ನಿವಾರಣೆಗೆ ಸಹಾಯಕವಾಯಿತು.

ನರಸಿಂಹಯ್ಯನವರು ಡಾಕ್ಟರೇಟ್ ಪಡೆದುದು ಅಮೆರಿಕದ ಓಹಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ. ಅಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥನ ಹೆಸರು ಪ್ರೆಸಿಡೆಂಟ್. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಇಡೀ ವ್ಯವಸ್ಥೆಗೆ ಒಬ್ಬ ಪ್ರೆಸಿಡೆಂಟ್, ಒಂದೊಂದು ಕೇಂದ್ರಕ್ಕೆ ಒಬ್ಬೊಬ್ಬ ಚಾನ್ಸಲರ್. ಆ ಚಾನ್ಸಲರ್ ಪೂರ್ಣಾವಧಿಯ ಆಡಳಿತಗಾರ. ವೈಸ್ ಚಾನ್ಸಲರ್ ಎಂಬವರು ಆತನ ಅಧೀನದಲ್ಲಿರುವವರು. ಕರ್ನಾಟಕದ ಕುಲಪತಿಗಳನ್ನು ಅಮೆರಿಕದವರು ಎರಡನೆಯ ಸಾಲಿನ ಅಧಿಕಾರಿಯೆಂದು ಎಣಿಸಿದರೆ ಅದಕ್ಕೆ ಅಜ್ಞಾನಕ್ಕಿಂತ ಹೆಚ್ಚಾಗಿ ಹೆಸರಿನ ಸಾಮ್ಯವೇ ಕಾರಣ. ಸ್ಕಾಟ್ಲೆಂಡಿನ ಎಡಿನ್‌ಬರೊ, ಗ್ಲಾಸ್ಗೊಗಳಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥನನ್ನೇ ಪ್ರಿನ್ಸಿಪಾಲ್ ಎನ್ನುತ್ತಾರೆ. ಕರ್ನಾಟಕದಲ್ಲಿ ಅದು ಕಾಲೇಜಿನ ಮುಖ್ಯಸ್ಥರ ಹೆಸರು. ಅಮೆರಿಕದಲ್ಲಿ ಶಾಲೆಯ ಮುಖ್ಯೋಪಾಧ್ಯಾಯರದು.

ವೈದ್ಯ ವಿದ್ಯಾರ್ಥಿಗಳಿಗೆ ಇನ್ನೊಂದು ಎಚ್ಚರಿಕೆ ಅವಶ್ಯಕ. ಕೋಲಾರದ ಟಮಕದಲ್ಲಿ ವೈದ್ಯಕೀಯ ಕಾಲೇಜೂ ಇದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವು ವಿಭಜನೆಗೊಂಡಾಗ ರಚಿತವಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೂ ಅಲ್ಲಿಯೇ ನೆಲೆಗೊಂಡಿತು. ರಿಜಿಸ್ಟ್ರಾರ್ ಎಂದೊಡನೆ ಇಲ್ಲಿಯ ವಿದ್ಯಾರ್ಥಿಯ ಮನಸ್ಸಿಗೆ ಬರುವುದು ವಿಶ್ವವಿದ್ಯಾಲಯದ ಕುಲಸಚಿವರು. ಇಂಗ್ಲೆಂಡ್, ಆಸ್ಟ್ರೇಲಿಯಗಳ ಆಸ್ಪತ್ರೆಗಳಲ್ಲಿ ರಿಜಿಸ್ಟ್ರಾರ್ ಎಂದರೆ ತಜ್ಞತೆಯ ತರಬೇತಿಯಲ್ಲಿರುವ ವೈದ್ಯ. ಅಲ್ಲದೆ ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯರನ್ನು ಸಂಪ್ರದಾಯದಂತೆ ಡಾಕ್ಟರ್ ಎನ್ನದೆ ಮಿಸ್ಟರ್, ಮಿಸ್ ಎಂದೇ ಸಂಬೋಧಿಸುತ್ತಾರೆ. ಅಲ್ಲಿ ಡಾಕ್ಟರ್ ಎಂಬುದನ್ನು ಬಿಟ್ಟುಕೊಡುವುದೇ ಮೇಲೇರಿದುದರ ಗುರುತು.

ತಿಳಿವಳಿಕೆಯ ಪ್ರಯೋಜನ

ಇದೆಲ್ಲವೂ ಕೇವಲ ಕುತೂಹಲದ ವಿಷಯವೆಂದು ಬಗೆಯಕೂಡದು. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ತಮ್ಮ ಮನೆತನದಲ್ಲಿಯೇ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರು ಅನೇಕರುಂಟು. ಅಂಥವರಿಗೆ ಮನೆಯಲ್ಲಿ ಕೇಳಿ ತಿಳಿಯಲು ಹಿರಿಯರಿಲ್ಲ. ಪದನಾಮವನ್ನು ನಿಘಂಟಿನ ಸಹಾಯದಿಂದಲೇ ಅರ್ಥಮಾಡಿಕೊಳ್ಳಬೇಕು. ಅಂಥ ವಿದ್ಯಾರ್ಥಿಯೊಬ್ಬ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಬರೆಯುವಾಗ, ಸಹಾಯಕರಿಗೆ ಬರೆದು ಫಲವೇನೆಂದು ಅಸಿಸ್ಟೆಂಟ್ ಪ್ರೊಫೆಸರ್ ಹೆಸರನ್ನು ಬಿಟ್ಟುಬಿಡಬಹುದು. ಹೊಸ ಪ್ರಯೋಗಶಾಲೆಯನ್ನು ಕಟ್ಟುತ್ತ ವಿದ್ಯಾರ್ಥಿಗಳನ್ನು ಅರಸುತ್ತಿದ್ದವರು ಅವರೇ ಆಗಿದ್ದರೆ ನಷ್ಟ ಯಾರಿಗೆ? ಅಂತೆಯೇ, ಇಂಗ್ಲೆಂಡಿನಲ್ಲಿ ಹಲವು ವರ್ಷ ಲೆಕ್ಚರರ್ ಆಗಿದ್ದು ಸ್ವದೇಶಕ್ಕೆ ಮರಳಿದವರ ಅರ್ಜಿಯನ್ನು ಪರಿಶೀಲಿಸುವವರು ಆ ಪದಕ್ಕೆ ಇಲ್ಲಿಯ ಅರ್ಥವನ್ನೇ ಹಚ್ಚಿದರೆ ಅವರ ಸೇವೆಗೆ ತಕ್ಕ ಬೆಲೆ ದೊರೆಯದೆ ಹೋದೀತು. ಪದವಿಪೂರ್ವ ಕಾಲೇಜಿನ ಉಪನ್ಯಾಸಕರ ಪ್ರಮಾಣಪತ್ರವನ್ನು ಹೊರದೇಶದವರು ವಿಶ್ವವಿದ್ಯಾಲಯದ ಸೇವೆಯೆಂದು ತಿಳಿದು, ಅನಂತರ ನಿಜಾಂಶ ಗೊತ್ತಾದಾಗ ಮೋಸವೆಂದು ಶಂಕಿಸುವುದೂ ಸಂಭವನೀಯವೇ.

ಆದುದರಿಂದ ಯಾವುದೇ ಪದನಾಮವನ್ನು ಕಂಡಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಆ ಸಂಸ್ಥೆಯ ಏಣಿಯಲ್ಲಿ ಒಟ್ಟು ಎಷ್ಟು ಮೆಟ್ಟಿಲುಗಳಿವೆ, ಇದು ಎಷ್ಟನೆಯದು? ಹುದ್ದೆ ಶಾಶ್ವತವೋ, ಪರೀಕ್ಷಾವಧಿಯದೋ, ಒಪ್ಪಂದದ್ದೋ? ಹುದ್ದೆಯಲ್ಲಿರುವವರು ಸ್ವತಂತ್ರವಾಗಿ ಸಂಶೋಧನೆ ನಡೆಸಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬಲ್ಲರೋ? ಹೆಸರು ಯಾವ ವರ್ಷದ ನಿಯಮಕ್ಕೆ ಸೇರಿದುದು? ತನ್ನ ಅಥವಾ ತನ್ನ ಗುರುಗಳ ಹುದ್ದೆಯನ್ನು ಪರದೇಶದವರಿಗೆ ತಿಳಿಸುವಾಗಲೂ ಬರಿಯ ಹೆಸರನ್ನು ಬರೆಯದೆ, ಪಾಠ ಹೇಳುವ ತರಗತಿಯನ್ನೂ ಕೆಲಸದ ಸ್ವರೂಪವನ್ನೂ ಒಂದು ವಾಕ್ಯದಲ್ಲಿ ವಿವರಿಸುವುದು ಪ್ರಾಮಾಣಿಕವಾದ ಮಾರ್ಗ.

ಹೆಸರಿನ ಅರ್ಥವನ್ನು ಅರಿಯುವುದು ಅಗತ್ಯ. ಹೆಸರಿನಿಂದಲೇ ವ್ಯಕ್ತಿಯನ್ನು ಅಳೆಯುವುದು ತರವಲ್ಲ. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. ಈ ಏಣಿಗಳ ಯಾವ ಮೆಟ್ಟಿಲಿನ ಮೇಲೂ ಅವರು ನಿಂತವರಲ್ಲ. ಮೈಸೂರು ವಿಶ್ವವಿದ್ಯಾಲಯವು 1961ರಲ್ಲಿ ಅವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತಾಗ ಗೌರವ ಹೊಂದಿದುದು ಆ ಪದವಿ.

ಕೋಲಾರದ ಗಣಿಯ ಆ ಪ್ರಯೋಗದ ವಿವರವು 1965ರ ಆಗಸ್ಟ್‌ನಲ್ಲಿ ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಲೇಖನದ ತಲೆಯ ಮೇಲೆ ಮೂರು ಸಂಸ್ಥೆಗಳ ಹನ್ನೊಂದು ಮಂದಿಯ ಹೆಸರುಗಳಿವೆ. ವಿಜ್ಞಾನ ಪತ್ರಿಕೆಗಳ ವಾಡಿಕೆಯಂತೆ ಅವುಗಳ ಹಿಂದೆ ಪ್ರೊಫೆಸರ್ ಎಂದಾಗಲಿ ರೀಡರ್ ಎಂದಾಗಲಿ ಇಲ್ಲ. ಹೆಸರು, ಊರು, ಮಾಡಿದ ಕೆಲಸ, ಇವಿಷ್ಟೇ ಇವೆ. ಮೂರು ದೇಶಗಳ ಓದುಗರಿಗೂ ಒಂದೇ ಅರ್ಥ ಕೊಟ್ಟುದು ಅವುಗಳಲ್ಲಿ ಕೊನೆಯದಾದ ಆ ಕೆಲಸವೇ.